ಮುಳ್ಳಿಗೆ ಸಾಕ್ಷಿ ಯಾರು?

ಇಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿದ ಕಾರಿನಲ್ಲಿ ಆಯಿಲ್ ಪ್ರೆಶರ್ ಎಷ್ಟಿರಬೇಕು ಎಂದು ಬನಶಂಕರಿಯಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತು ಅಂಕಿ ಸಿಗುತ್ತವೆ. ಅಂಕಿಯ ವಿಷಯದಲ್ಲಿ ನನಗೆ ದೊಡ್ಡ ತಕರಾರಿಲ್ಲ. ಆ ಅಂಕಿಯನ್ನು ನೋಡಿ ‘ಇಂಜಿನ್ ಚೆನ್ನಾಗಿದೆ’ ಎಂದು ಒಬ್ಬ ಮನುಷ್ಯ ಹೇಳುತ್ತಾನಲ್ಲ, ಹಾಗೆ ಹೇಳುವ ಹಕ್ಕು ಅವನಿಗೆ ಎಲ್ಲಿಂದ ಬಂತು ಎಂಬುದು ನನ್ನ ಪ್ರಶ್ನೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವಿದೆ. ಪೇಜಾವರ ಮಠದ ವಿಶ್ವೇಶತೀರ್ಥರು 1956ರಲ್ಲಿ ಸ್ಥಾಪಿಸಿದ್ದು, ಈಗ ಅವರ ವೃಂದಾವನವೂ ಅಲ್ಲೇ ಇದೆ. ಕತ್ರಿಗುಪ್ಪೆಯ ಬಸ್ಸುಗಳ ಸದ್ದಿನ ನಡುವೆ ಅಲ್ಲಿನ ಹುಡುಗರು ಓದುವುದು ಇದೇ ಪ್ರಶ್ನೆಯನ್ನು. ಒಂದು ಜ್ಞಾನ ಹುಟ್ಟಿತು. ಅದು ಸರಿಯಾದ ಜ್ಞಾನ ಎಂದು ತೀರ್ಮಾನವಾಗುವುದು ಹೇಗೆ? ತನ್ನಿಂದಲೇ ಆಗುತ್ತದೆಯೋ, ಹೊರಗಿನಿಂದ ಇನ್ನೊಂದು ಬಂದು ಮುದ್ರೆ ಒತ್ತಬೇಕೋ?

ನಾನು ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಡೀಸೆಲ್ ಪಂಪಿನ ಪ್ಲಂಜರಿಗೂ ಅದರ ಬ್ಯಾರೆಲ್ಲಿಗೂ ನಡುವೆ ಕೆಲವೇ ಮೈಕ್ರಾನ್ ಸಂದು. ಅಂಥದ್ದನ್ನು ಅಳೆಯುವ ಗೇಜುಗಳೇ ಸರಿಯಿವೆಯೇ ಎಂದು ಅಳೆಯುವ ಕೋಣೆಯಲ್ಲಿ ನನ್ನ ಕೆಲಸ. ನಿವೃತ್ತಿಯ ಮೇಲೆ ಒಬ್ಬ ಆಚಾರ್ಯರ ಬಳಿ ಸಂಜೆ ಹೊತ್ತು ಕೂತು ಜಯತೀರ್ಥರ ಪ್ರಮಾಣಪದ್ಧತಿ ಓದತೊಡಗಿದೆ. ತಂದೆಯವರ ಅಂಬಾಸಡರ್ ಇಂಜಿನ್ ಕೆಲಸಕ್ಕೆ ಬಂದದ್ದೂ ಅದೇ ದಿನಗಳಲ್ಲಿ.

1489 ಸಿಸಿ ಪೆಟ್ರೋಲ್ ಇಂಜಿನ್ನು, ಇಂಗ್ಲೆಂಡಿನ ಬಿಎಂಸಿಯ ಬಿ-ಸೀರೀಸ್ ವಂಶದ್ದು, ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಬಿಗ್ ಎಂಡ್ ಬಡಿಯತೊಡಗಿತ್ತು, ಹೊಗೆ ನೀಲಿಗೆ ತಿರುಗಿತ್ತು. ಕನಕಪುರ ರಸ್ತೆಯಿಂದ ಒಳಗೆ ಹಳೇ ಗಾಡಿಗಳನ್ನೇ ಮಾಡುವ ಮೇಸ್ತ್ರಿಯೊಬ್ಬರಿದ್ದಾರೆ, ಅವರ ಕೈಗೆ ಕೊಟ್ಟೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಕಲಾಸಿಪಾಳ್ಯದ ಕಡೆ ಆಯಿತು. ಶೆಲ್ಲು, ರಿಂಗ್ಸು, ಗ್ಯಾಸ್ಕೆಟ್ ಸೆಟ್ಟು ಜೆ.ಸಿ. ರೋಡಿನಿಂದ ಬಂದವು. ಎರಡು ಇಂಚು ದಪ್ಪದ ಜರ್ನಲ್ಲಿಗೆ ಎರಡು ಥೌ ಆಸುಪಾಸು ಸಂದು ಇರಬೇಕು, ಅಂದರೆ 0.05 ಮಿಲಿಮೀಟರ್. ಮೈಕ್ರೋಮೀಟರ್ ತೆಗೆದುಕೊಂಡು ಹೋಗಿ ನಾನೇ ಅಳೆದೆ. ಇತ್ತು.

ಆಯಿಲ್ ಪ್ರೆಶರ್ ಎಂದರೆ ಪಂಪಿನ ಶಕ್ತಿ ಎಂದು ಬಹಳ ಜನ ತಿಳಿದಿದ್ದಾರೆ. ಪಂಪು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೇ. ತಳ್ಳಿದ ಎಣ್ಣೆ ಬೇರಿಂಗುಗಳ ಸಂದಿನಿಂದ ಹೊರಗೆ ಸೋರಿಹೋಗಲು ಎಷ್ಟು ತಡೆಯಿದೆಯೋ ಅಷ್ಟು ಒತ್ತಡ. ಸಂದು ಕಿರಿದಾದರೆ ಒತ್ತಡ ಏರುತ್ತದೆ. ಬೇರಿಂಗ್ ಸವೆದರೆ ಇಳಿಯುತ್ತದೆ. ಇಳಿಯುವ ಲೆಕ್ಕವೂ ನಿರ್ದಯವಾದದ್ದು: ಸೋರಿಕೆ ಸಂದಿನ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಎರಡು ಥೌ ಇದ್ದದ್ದು ಮೂರಾದರೆ ಒಂದೂವರೆ ಪಟ್ಟಲ್ಲ, ಮೂರು ಪಟ್ಟಿಗೂ ಹೆಚ್ಚು ಎಣ್ಣೆ ಹರಿದುಹೋಗುತ್ತದೆ. ಇದರ ಮೇಲೆ ಬಿಸಿಯ ಆಟ ಬೇರೆ. ಬೆಳಗಿನ ತಣ್ಣನೆಯ ಎಣ್ಣೆ ಮಂದ, ಮುಳ್ಳು ಮೇಲೇರಿ ನಿಲ್ಲುತ್ತದೆ; ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಅದೇ ಎಣ್ಣೆ ತೆಳ್ಳಗಾಗಿ ಮುಳ್ಳು ಕೆಳಗಿಳಿಯುತ್ತದೆ. ಆದ್ದರಿಂದ ತಣ್ಣಗಿದ್ದಾಗಿನ ಅಂಕಿ ಸಮಾಧಾನ ಕೊಡುತ್ತದೆಯೇ ಹೊರತು ಬೇರಿಂಗಿನ ಬಗ್ಗೆ ಹೆಚ್ಚೇನೂ ತಿಳಿಸುವುದಿಲ್ಲ. ನೋಡಬೇಕಾದ್ದು ಪೂರ್ತಿ ಬಿಸಿಯಾಗಿ, ಐಡ್ಲಿಂಗಿನಲ್ಲಿ ನಿಂತಾಗ.

ನಮ್ಮದು ತಣ್ಣಗಿದ್ದಾಗ ಚದರ ಇಂಚಿಗೆ 65 ಪೌಂಡು ತೋರಿಸಿತು. ಬಿಸಿಯಾಗಿ ರಸ್ತೆಯಲ್ಲಿ ಓಡುವಾಗ 48. ಬಿಸಿಯಲ್ಲಿ, ಐಡ್ಲಿಂಗಿನಲ್ಲಿ, 18.

ಆ 18 ಮನೆಮಂದಿಯ ಮಾತಾಯಿತು. ಭಾವನವರು ತಮ್ಮ ಹಳೇ ಗಾಡಿ ನಿಂತಲ್ಲೇ 40 ತೋರಿಸುತ್ತಿತ್ತು ಎಂದರು. ಪಕ್ಕದ ಮನೆಯವರು ಇನ್ನೂ ಮಂದವಾದ ಎಣ್ಣೆ ಹಾಕಿಸಿ ಎಂದರು. ರಿಲೀಫ್ ವಾಲ್ವಿನ ಸ್ಪ್ರಿಂಗಿನ ಹಿಂದೆ ಒಂದು ವಾಷರ್ ಕೊಟ್ಟರೆ ಮುಳ್ಳು ಮೇಲೇಳುತ್ತದೆ ಎಂದು ಇನ್ನೊಬ್ಬರು. ಆ ವಾಲ್ವು ಮಾಡುವುದು ಗರಿಷ್ಠ ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಸಂಪಿಗೆ ವಾಪಸು ಬಿಡುವುದು. ವಾಷರ್ ಕೊಟ್ಟರೆ ತಣ್ಣಗಿದ್ದಾಗಿನ 65 ಇನ್ನಷ್ಟು ಏರೀತು, ಬಿಸಿ ಐಡ್ಲಿಂಗಿನ 18 ಹಾಗೇ ಇರುತ್ತದೆ. ಮೇಸ್ತ್ರಿಗೆ ಹೇಳಿದಾಗ ಅವರು ಕೈ ಒರೆಸಿಕೊಳ್ಳುತ್ತ, “ಸಾರ್, ಅದು ಮೀಟ್ರಿಗೆ ಮಾಡೋ ರಿಪೇರಿ, ಇಂಜಿನ್ನಿಗಲ್ಲ. ನಾ ಮಾಡಲ್ಲ” ಎಂದರು. ಗ್ಯಾರೇಜುಗಳಲ್ಲಿ ಸಾವಿರ ಸುತ್ತಿಗೆ ಹತ್ತು ಪೌಂಡು ಎಂಬ ಹಳೆಯ ಲೆಕ್ಕವಿದೆ. ಆ ಪ್ರಕಾರ ಐಡ್ಲಿಂಗಿಗೆ 18 ಧಾರಾಳ. ಡ್ಯಾಶ್‌ಬೋರ್ಡಿನ ಕೆಂಪು ದೀಪವಷ್ಟೇ ಇರುವ ಗಾಡಿಗಳಲ್ಲಿ ಆ ದೀಪ ಹತ್ತುವುದು ಸಾಮಾನ್ಯವಾಗಿ 5ರಿಂದ 7 ಪೌಂಡಿಗೆ ಇಳಿದಾಗ.

ಮೀಟರ್ ಸುಳ್ಳು ಹೇಳುತ್ತಿರಬಹುದಲ್ಲ? ಹಳೇ ಮೆಕ್ಯಾನಿಕಲ್ ಮೀಟರಿನೊಳಗೆ ಬಾಗಿದ ಹಿತ್ತಾಳೆ ಕೊಳವೆಯಿರುತ್ತದೆ, 1849ರಲ್ಲಿ ಪ್ಯಾರಿಸ್ಸಿನ ಬೂರ್ದೋನ್ ಹಕ್ಕುಪತ್ರ ಪಡೆದ ಉಪಾಯ. ಒತ್ತಡ ಬಂದಾಗ ಕೊಳವೆ ನೆಟ್ಟಗಾಗಲು ಹೆಣಗುತ್ತದೆ, ಮುಳ್ಳು ತಿರುಗುತ್ತದೆ. ವರ್ಷಗಳು ಕಳೆದಂತೆ ಅದು ದಣಿಯಬಹುದು. ಇನ್ನೊಂದು ಮೀಟರ್ ತಂದು ಕೂರಿಸಿದೆವು. ಅದು 15 ತೋರಿಸಿತು. ಈಗ ಯಾವುದು ನಿಜ? ಮೂರನೆಯದನ್ನು ತಂದರೆ ಅದರ ಸತ್ಯಕ್ಕೆ ಯಾರು ಹೊಣೆ?

ನನ್ನ ಇಡೀ ನೌಕರಿ ಈ ಮೆಟ್ಟಿಲುಗಳ ಮೇಲೆಯೇ ನಡೆದದ್ದು. ಕಾರ್ಖಾನೆಯ ಗೇಜನ್ನು ನಮ್ಮ ಕೋಣೆಯ ಮಾಸ್ಟರಿನಿಂದ ಸರಿನೋಡುತ್ತೇವೆ. ನಮ್ಮ ಮಾಸ್ಟರಿಗೆ ಅದಕ್ಕಿಂತ ಮೇಲಿನದೊಂದು ಮಾಸ್ಟರು. ಹಾಗೇ ಹತ್ತುತ್ತ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದಕ್ಕೂ ಮೇಲೆ, ತೂಕದ ವಿಷಯದಲ್ಲಾದರೆ, ಪ್ಯಾರಿಸ್ಸಿನ ಬಳಿ ಸೆವ್ರ್‌ನಲ್ಲಿ ಗಾಜಿನ ಮುಚ್ಚಳಗಳ ಕೆಳಗೆ ಒಂದು ಪ್ಲಾಟಿನಂ-ಇರಿಡಿಯಂ ಉರುಳೆಯಿತ್ತು. ಪ್ರಪಂಚದ ಕಿಲೋಗ್ರಾಂ ಅದೇ. ಅದು ಸರಿಯೇ ತಪ್ಪೇ ಎಂದು ಕೇಳುವಂತೆಯೇ ಇರಲಿಲ್ಲ, ಅದು ಎಷ್ಟಿದೆಯೋ ಅಷ್ಟೇ ಕಿಲೋಗ್ರಾಂ. ಆದರೆ ಅದರ ಅಧಿಕೃತ ಪ್ರತಿಗಳ ಜೊತೆ ತೂಗಿದಾಗ ಶತಮಾನದ ಅವಧಿಯಲ್ಲಿ ಒಂದಿಷ್ಟು ಮೈಕ್ರೋಗ್ರಾಂ ವ್ಯತ್ಯಾಸ ಕಂಡಿತು. 2019ರ ಮೇ 20ರಿಂದ ಉರುಳೆಯನ್ನು ಕೈಬಿಟ್ಟು ಪ್ಲಾಂಕ್ ಸ್ಥಿರಾಂಕಕ್ಕೆ ಗಂಟು ಹಾಕಿದರು. ಗಂಟು ಗಟ್ಟಿಯಾಯಿತು, ನಿಜ. ಆದರೂ ಆ ತಕ್ಕಡಿಯ ಮುಂದೆ ಒಬ್ಬರು ಕೂತು ಓದಲೇಬೇಕು, ಓದಿದ್ದು ಹೌದು ಎಂದು ಅವರಿಗೆ ತಿಳಿಯಲೇಬೇಕು. ಮೆಟ್ಟಿಲುಗಳಿಗೆ ಕೊನೆಯಿಲ್ಲದಿರುವುದನ್ನು ಶಾಸ್ತ್ರದಲ್ಲಿ ಅನವಸ್ಥೆ ಎನ್ನುತ್ತಾರೆ. ಅನವಸ್ಥೆ ಬಂದರೆ ವಾದ ಬಿದ್ದಂತೆ.

ನೈಯಾಯಿಕರು ಇದನ್ನು ಬಿಡಿಸುವ ದಾರಿ ನನಗೆ ಮೊದಮೊದಲು ಬಹಳ ಹಿಡಿಸಿತ್ತು, ಕಾರ್ಖಾನೆಯವನಿಗೆ ಹಿಡಿಸುವಂಥದ್ದೇ ಅದು. ಜ್ಞಾನ ಸರಿಯೆಂದು ಅದರಿಂದಲೇ ಗೊತ್ತಾಗುವುದಿಲ್ಲ, ಹೊರಗಿನಿಂದ ಊಹಿಸಬೇಕು ಎನ್ನುತ್ತಾರೆ ಅವರು. ನೀರು ಕಂಡಿತು, ಹೋದೆ, ಕುಡಿದೆ, ಬಾಯಾರಿಕೆ ಹೋಯಿತು. ಆದ್ದರಿಂದ ಕಂಡದ್ದು ನಿಜ. ಪ್ರವೃತ್ತಿ ಫಲಿಸಿದ್ದೇ ಪುರಾವೆ. ಪರಿಚಿತ ಸಂಗತಿಗಳಲ್ಲಿ ಹೋಲಿಕೆಯಿಂದ ಬೇಗ ತೀರ್ಮಾನಿಸಬಹುದು, ಅಪರಿಚಿತವಾದುದರಲ್ಲಿ ಮೊದಲು ಸಂಶಯವೇ ಬರುತ್ತದೆ ಎಂದೂ ಸೇರಿಸುತ್ತಾರೆ. ಈಗಷ್ಟೇ ಕಟ್ಟಿದ ಇಂಜಿನ್ನಿಗಿಂತ ಅಪರಿಚಿತವಾದುದು ಯಾವುದು? ಅದಕ್ಕೆ ಚರಿತ್ರೆಯೇ ಇಲ್ಲ. ಆದರೆ ಈ ದಾರಿಯಲ್ಲಿ ಇಂಜಿನ್ ಕೆಲಸದವರಿಗೆ ಒಂದು ಭಯವಿದೆ. ಫಲ ನೋಡಿಯೇ ನಂಬುತ್ತೇನೆ ಎಂದು ಹೊರಟವನಿಗೆ, ನಂಬಿಕೆ ತಪ್ಪಾಗಿದ್ದರೆ, ಬಿಡದಿ ದಾಟುವಷ್ಟರಲ್ಲಿ ಶೆಲ್ಲು ಕರಗಿ ಕ್ರ್ಯಾಂಕಿಗೆ ಅಂಟಿಕೊಂಡಿರುತ್ತದೆ. ಪುರಾವೆ ಬರುವ ಹೊತ್ತಿಗೆ ಅದರಿಂದ ಉಳಿಸಿಕೊಳ್ಳಬೇಕಾದದ್ದೇ ಹೋಗಿರುತ್ತದೆ. ಇನ್ನೂ ಒಂದು ತೊಡಕು: ಫಲಿಸಿತು ಎಂಬುದೂ ಒಂದು ಜ್ಞಾನವೇ ತಾನೆ? ಅದರ ಸತ್ಯಕ್ಕೆ ಮತ್ತೊಂದು ಫಲ ಬೇಕೆ?

ಮೀಮಾಂಸಕರು ತಿರುಗಿಸಿ ಹೇಳುತ್ತಾರೆ. ಜ್ಞಾನ ಹುಟ್ಟುವಾಗಲೇ ನಂಬಿಕೆಯ ಜೊತೆ ಹುಟ್ಟುತ್ತದೆ. ಕಾರಣಗಳಲ್ಲಿ ದೋಷ ಕಂಡರೆ, ಅಥವಾ ಇನ್ನೊಂದು ಜ್ಞಾನ ಬಂದು ಅಡ್ಡಿ ಹೇಳಿದರೆ, ಆಗ ಮಾತ್ರ ಬಿಡಬೇಕು. ಕುಮಾರಿಲಭಟ್ಟರು ಮೂರು ನಾಲ್ಕು ಜ್ಞಾನಗಳಾಚೆ ಹುಡುಕುವ ಅಗತ್ಯವಿಲ್ಲ ಎನ್ನುವಷ್ಟರ ಮಟ್ಟಿಗೆ ಇದನ್ನು ನಿಖರಗೊಳಿಸಿದರು. ಇಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಂಡದ್ದು, ಸಂಶಯಕ್ಕೂ ಕಾರಣ ಬೇಕು ಎಂಬ ಬೇಡಿಕೆ. ನಂಬುವವನು ಮಾತ್ರ ಲೆಕ್ಕ ಒಪ್ಪಿಸಬೇಕು, ಅನುಮಾನಿಸುವವನು ಏನನ್ನೂ ಹೇಳಬೇಕಾಗಿಲ್ಲ ಎಂದು ನಾವೆಲ್ಲ ಅಂದುಕೊಂಡುಬಿಟ್ಟಿದ್ದೇವೆ. ಭಾವನವರ ಗಾಡಿ 40 ತೋರಿಸುತ್ತಿತ್ತು ಎಂಬುದು ನಮ್ಮ ಇಂಜಿನ್ ಕೆಟ್ಟಿದೆ ಎನ್ನುವುದಕ್ಕೆ ಕಾರಣವಾಗುವುದಿಲ್ಲ. ಅದು ಬೇರೆ ಇಂಜಿನ್ನು, ಬೇರೆ ಎಣ್ಣೆ, ಬೇರೆ ಮೀಟರು. ಎರಡು ಮೀಟರುಗಳ ನಡುವಿನ ಮೂರು ಪೌಂಡು ಮಾತ್ರ ನಿಜವಾದ ಕಾರಣ, ಅದನ್ನು ವಿಚಾರಿಸಲೇಬೇಕಿತ್ತು. ವಿಚಾರಿಸಿದಾಗ, 15 ಆದರೂ 18 ಆದರೂ ಉತ್ತರ ಬದಲಾಗುವುದಿಲ್ಲ ಎಂದು ಕಂಡಿತು. ಅಲ್ಲಿಗೆ ಆ ಸಂಶಯ ಸತ್ತಿತು, ಮೂರನೇ ಮೀಟರ್ ತರಲಿಲ್ಲ.

ಹಾಗಾದರೆ ‘ಸತ್ತಿತು’ ಎಂದು ತೀರ್ಮಾನಿಸಿದವನು ಯಾರು? ಮಧ್ವರ ಉತ್ತರ ಸಾಕ್ಷಿ. ಸಾಕ್ಷಿ ಎಂದರೆ ಜೀವನ ಸ್ವರೂಪವೇ ಆದ ಇಂದ್ರಿಯ; ಕಣ್ಣು ಕಿವಿಗಳಂತೆ ದೇಹದಿಂದ ಬಂದದ್ದಲ್ಲ. ಸುಖ, ದುಃಖ, ಕಾಲ, ತನಗೆ ಈಗ ಒಂದು ಜ್ಞಾನ ಆಗಿದೆ ಎಂಬುದು, ಇವನ್ನೆಲ್ಲ ಅದು ನೇರವಾಗಿ ತಿಳಿಯುತ್ತದೆ, ತಪ್ಪುವುದಿಲ್ಲ. ತಪ್ಪುವುದು ಮನಸ್ಸು. ಮೀಟರು, ಮೈಕ್ರೋಮೀಟರು, ನನ್ನ ಕಿವಿ, ಪುಸ್ತಕ, ಇವೆಲ್ಲ ಜ್ಞಾನಕ್ಕೆ ಸಾಧನಗಳು, ಅನುಪ್ರಮಾಣಗಳು. ಸಾಧನದ ಸಾಲು ಎಷ್ಟೇ ಉದ್ದವಾದರೂ ಕೊನೆಗೆ ತಲುಪುವುದು ತಿಳಿಯುವವನನ್ನು. ಅನವಸ್ಥೆ ನಿಲ್ಲುವುದು ಅಲ್ಲಿ. ನನ್ನ ಕೋಣೆಯಲ್ಲಿ ಮೂವತ್ತು ವರ್ಷ ಹುಡುಕಿದ ಕೊನೆಯ ಮಾಸ್ಟರ್ ಉಪಕರಣಗಳ ಪಟ್ಟಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ ಎಂದು ಈ ಪಾಠ ಓದಿದಾಗ ತಿಳಿಯಿತು.

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಕು, ಮತ್ತು ಅದರ ಕೆಲಸ ಏನೆಂದು ಮಾಧ್ವಶಾಸ್ತ್ರ ಬಹಳ ಸೂಕ್ಷ್ಮವಾಗಿ ಗುರುತಿಸುತ್ತದೆ. ಪರೀಕ್ಷೆ ಸತ್ಯವನ್ನು ಹುಟ್ಟಿಸುವುದಿಲ್ಲ. ಸಾಕ್ಷಿ ಅದನ್ನು ಗ್ರಹಿಸದಂತೆ ಮನಸ್ಸು ಒಡ್ಡಿರುವ ಅಡ್ಡಿಯನ್ನು ತೆಗೆಯುತ್ತದೆ. ಬನ್ನೂರಿನಲ್ಲಿ ಹುಟ್ಟಿ ವಿಜಯನಗರದಲ್ಲಿ ಬಾಳಿ 1539ರಲ್ಲಿ ತೀರಿಕೊಂಡ ವ್ಯಾಸತೀರ್ಥರು ತರ್ಕತಾಂಡವದಲ್ಲಿ ಮಿಥಿಲೆಯ ಗಂಗೇಶರ ಪಕ್ಷವನ್ನು ಎದುರಿಗಿಟ್ಟುಕೊಂಡು ಕಾದಾಡಿದ್ದು ಇಂಥ ಎಳೆಗಳ ಮೇಲೆ.

ಮನಸ್ಸಿನ ಅಡ್ಡಿ ಎಂದರೇನೆಂದು ಗ್ಯಾರೇಜಿನಲ್ಲಿ ನಿಂತರೆ ತಿಳಿಯುತ್ತದೆ. ಅಷ್ಟು ಹಣ ಸುರಿದವನಿಗೆ ಮುಳ್ಳು ಮೇಲಿರಲಿ ಎಂಬ ಆಸೆ ಇರುತ್ತದೆ. ಹೆದರಿದವನಿಗೆ ಕೆಳಗಿದೆ ಎಂಬ ಅಳುಕು. 17ಕ್ಕೂ 18ಕ್ಕೂ ನಡುವೆ ಅದುರುವ ಮುಳ್ಳನ್ನು ಆಸೆಯ ಕಣ್ಣು 20 ಎಂದು ಓದುತ್ತದೆ. ದೋಷವಿಲ್ಲದ ಇಂದ್ರಿಯ ದೋಷವಿಲ್ಲದ ವಸ್ತುವನ್ನು ಕೂಡಿದಾಗಲೇ ಪ್ರತ್ಯಕ್ಷ ಎಂದು ಜಯತೀರ್ಥರು ಷರತ್ತು ಹಾಕಿದ್ದು ಸುಮ್ಮನೆ ಅಲ್ಲ. ಕಾಮಾಲೆಯ ಕಣ್ಣು ಮಾತ್ರ ದೋಷದ್ದಲ್ಲ, ಬೇಕೆನ್ನುವ ಕಣ್ಣೂ ದೋಷದ್ದೇ. ಅದಕ್ಕೇ ಮೀಟರ್ ಓದುವ ಕೆಲಸವನ್ನು ಮೇಸ್ತ್ರಿಯ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗನಿಗೆ ಕೊಟ್ಟೆ. ಎಷ್ಟಿದ್ದರೆ ಒಳ್ಳೆಯದು ಎಂದು ಅವನಿಗೆ ಹೇಳಿರಲಿಲ್ಲ. ಅವನು ಕೂಗಿ ಹೇಳಿದ, ನಾನು ಬರೆದುಕೊಂಡೆ.

ಒಂದು ಸಂಗತಿ ಮಾತ್ರ ಯಾವ ಮೀಟರಿಗೂ ಸಿಗುವಂಥದ್ದಲ್ಲ. ಕ್ರ್ಯಾಂಕಿನ ಹೊಟ್ಟೆಯೊಳಗೆ ಕೊರೆದ ಎಣ್ಣೆದಾರಿಗಳಿರುತ್ತವೆ, ಮೇನ್ ಬೇರಿಂಗಿನಿಂದ ಬಿಗ್ ಎಂಡಿಗೆ ಎಣ್ಣೆ ಹೋಗುವುದು ಅವುಗಳಲ್ಲಿ. ಗ್ರೈಂಡಿಂಗಿನ ಪುಡಿ ಅಲ್ಲಿ ಕೂತರೆ ದಾರಿ ಕಟ್ಟುತ್ತದೆ. ಕಟ್ಟಿದರೆ ಮುಳ್ಳು ಇಳಿಯುವ ಬದಲು ಏರುತ್ತದೆ, ಏಕೆಂದರೆ ಮೀಟರು ಇರುವುದು ದಾರಿಯ ಈಚೆ. ಅಂಕಿ ಚೆಂದ, ಬೇರಿಂಗ್ ಒಣಗುತ್ತಿರುತ್ತದೆ. ರಾಕರ್ ಕವರ್ ತೆಗೆದು ಮೇಲಿನವರೆಗೆ ಎಣ್ಣೆ ಏರಿದೆಯೇ ಎಂದು ಕಣ್ಣಾರೆ ನೋಡಿದ್ದೆವು, ಆದರೆ ರಾಕರಿಗೆ ಹೋದ ಎಣ್ಣೆ ಬಿಗ್ ಎಂಡಿಗೂ ಹೋಗಿದೆ ಎಂದು ಹೇಳಲಾಗದು. ಸಂಪು ಮುಚ್ಚಿದ ಮೇಲೆ ಪ್ರತ್ಯಕ್ಷಕ್ಕೆ ಅಲ್ಲಿ ಪ್ರವೇಶವಿಲ್ಲ, ಅನುಮಾನ ಪ್ರಮಾಣ ಎರಡೂ ಕಡೆ ವಾಲುತ್ತದೆ. ಉಳಿದದ್ದು ಮೇಸ್ತ್ರಿಯ ಮಾತು. “ಒಂದೊಂದು ತೂತಿಗೂ ತಂತಿ ಹಾಕಿ, ಸೀಮೆಎಣ್ಣೆ ಹೊಡೆದು, ಗಾಳಿ ಬಿಟ್ಟಿದೀನಿ ಸಾರ್. ಆಚೆ ಕಡೆಯಿಂದ ಬೆಳಕು ನೋಡಿದೀನಿ.” ನಾನು ಆಗ ಅಲ್ಲಿರಲಿಲ್ಲ.

ವೇದ ಅಪೌರುಷೇಯ, ಹೇಳಿದವನೇ ಇಲ್ಲದ್ದರಿಂದ ಹೇಳಿದವನ ದೋಷವೂ ಅಲ್ಲಿಲ್ಲ ಎಂಬುದು ನಮ್ಮ ಸಿದ್ಧಾಂತ. ಮನುಷ್ಯನ ಮಾತಿಗೆ ಆ ಭಾಗ್ಯವಿಲ್ಲ, ಆಡಿದವನನ್ನು ನೋಡಬೇಕು. ವಿಷಯ ಬಲ್ಲನೇ, ಮೋಸದ ಇಚ್ಛೆ ಇದೆಯೇ, ಕಂಡದ್ದನ್ನು ಕಂಡಂತೆ ಹೇಳಬಲ್ಲನೇ. ವಾಷರ್ ಕೊಡಲು ಒಪ್ಪದಿದ್ದಾಗಲೇ ಆ ಮನುಷ್ಯ ಈ ಮೂರಕ್ಕೂ ಉತ್ತರ ಕೊಟ್ಟಾಗಿತ್ತು. ಮುಳ್ಳನ್ನು ಮೇಲೆತ್ತಿ ಗಿರಾಕಿಯನ್ನು ಖುಷಿಪಡಿಸಿ ಹಣ ಪಡೆಯುವುದು ಸುಲಭವಿತ್ತು. ಇಂದ್ರಿಯಕ್ಕೆ ನಿಲುಕದ್ದನ್ನು ಶಬ್ದದಿಂದ ತಿಳಿಯುವುದು ಜಪದ ಕೋಣೆಯಲ್ಲಿ ಮಾತ್ರ ನಡೆಯುವ ಸಂಗತಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮುಚ್ಚಿದ ಇಂಜಿನ್ನಿನ ಮೇಲೆ ಕುಳಿತು ರಸ್ತೆಗಿಳಿಯುವ ಪ್ರತಿಯೊಬ್ಬನೂ ಶಬ್ದಪ್ರಮಾಣದ ಮೇಲೆ ಕುಳಿತಿದ್ದಾನೆ.

1883ರ ಲಂಡನ್ನಿನ ಒಂದು ಪ್ರಯೋಗವೂ ಇಲ್ಲಿಗೆ ಸೇರುತ್ತದೆ. ಬೀಚಮ್ ಟವರ್ ಎಂಬ ಇಂಜಿನಿಯರ್ ರೈಲ್ವೆ ಅಚ್ಚಿನಂಥ ಬೇರಿಂಗಿನ ಮೇಲ್ಭಾಗದಲ್ಲಿ ಎಣ್ಣೆ ಹಾಕಲು ತೂತು ಕೊರೆದ. ಅಚ್ಚು ತಿರುಗತೊಡಗಿದಾಗ ತೂತಿನಿಂದ ಎಣ್ಣೆ ಹೊರಗೇ ಉಕ್ಕಿತು. ಬಿರಡೆ ಜಡಿದ, ಅದನ್ನೂ ತಳ್ಳಿ ಹಾಕಿತು. ಮೀಟರ್ ಕೂರಿಸಿದ, ಬೇರಿಂಗಿನ ಸರಾಸರಿ ಹೊರೆ ಚದರ ಇಂಚಿಗೆ 100 ಪೌಂಡಿದ್ದರೆ ಮೀಟರಿನ ಮುಳ್ಳು 200ರ ಗೆರೆ ದಾಟಿತು. ಅಚ್ಚು ತನ್ನ ತಿರುಗುವಿಕೆಯಿಂದಲೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ತನ್ನನ್ನು ತಾನೇ ಎತ್ತಿ ಹಿಡಿಯುವ ಒತ್ತಡವನ್ನು ಹುಟ್ಟಿಸಿಕೊಳ್ಳುತ್ತದೆ. ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಬರೆದರು. ಎಂದರೆ ನಾವು ಡ್ಯಾಶ್‌ಬೋರ್ಡಿನಲ್ಲಿ ನೋಡುವ 18 ಪೌಂಡು ಕ್ರ್ಯಾಂಕನ್ನು ಎತ್ತಿ ಹಿಡಿದಿಲ್ಲ. ಅದು ಬಾಗಿಲವರೆಗೆ ಎಣ್ಣೆ ತಂದು ಬಿಡುವ ಒತ್ತಡ ಮಾತ್ರ. ಎತ್ತಿ ಹಿಡಿದಿರುವ ಪದರದ ಒತ್ತಡ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ತಿರುಗುವಿಕೆಯಿಂದಲೇ ಹುಟ್ಟುವಂಥದ್ದು, ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ ಕಾಣದ್ದು. ಜ್ಞಾನ ಸರಿಯೆಂಬುದು ತನ್ನಿಂದಲೇ ತಿಳಿಯುತ್ತದೆ ಎನ್ನುವ ಸ್ವತಃ ಪ್ರಾಮಾಣ್ಯದ ಪಾಠ ನಡೆಯುವಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ. ಇದರಿಂದ ಸಿದ್ಧಾಂತ ಸಾಬೀತಾಯಿತು ಎನ್ನುವುದಿಲ್ಲ. ಹೊರಗಿನಿಂದ ಬಂದದ್ದೇ ಹೊರೆ ಹೊರುತ್ತಿದೆ ಎಂದು ನಂಬಿದ್ದವರಿಗೆ ಟವರನ ಬಿರಡೆ ಹಾರಿದ್ದು ಹೇಗೆ ಕಂಡಿರಬೇಕೆಂದು ಯೋಚಿಸುತ್ತೇನೆ.

ಮೊದಲ ದೂರದ ಓಟಕ್ಕೆ ಚನ್ನಪಟ್ಟಣದ ಬಳಿಯ ಅಬ್ಬೂರಿಗೆ ಹೋದೆವು, ವ್ಯಾಸತೀರ್ಥರ ಗುರು ಬ್ರಹ್ಮಣ್ಯತೀರ್ಥರ ವೃಂದಾವನವಿರುವ ಊರು. ಹೊಸ ರಿಂಗ್ಸು ಕೂರಬೇಕಾದ್ದರಿಂದ ವೇಗ ಮಿತಿಯಲ್ಲಿಟ್ಟು, ಒಂದೇ ಹದದಲ್ಲಿ ಓಡಿಸದೆ, ಹಳೇ ಮೈಸೂರು ರಸ್ತೆಯಲ್ಲಿ. ಕೆಂಗೇರಿಯ ಸಿಗ್ನಲ್ಲಿನಲ್ಲಿ, ಬಿಸಿಲಿನಲ್ಲಿ, 18, ರಾಮನಗರದಲ್ಲೂ 18.

ಇದನ್ನು ಕೇಳಿ ವಿದ್ಯಾಪೀಠದ ಒಬ್ಬ ವಿದ್ಯಾರ್ಥಿ ನನ್ನನ್ನು ಹಿಡಿದ. “ರಾಯರೇ, ತಾವು ಹೋಗಿಬಂದು ನಂಬಿದಿರಿ. ನೈಯಾಯಿಕರು ಹೇಳುವುದೂ ಅದೇ ತಾನೆ?” ಜಯತೀರ್ಥರ ನ್ಯಾಯಸುಧೆಯ ಹೊಸ್ತಿಲಲ್ಲಿರುವ ಹುಡುಗ, ಪೂರ್ವಪಕ್ಷವನ್ನು ಪ್ರೀತಿಯಿಂದ ಹಿಡಿದಿದ್ದ. ನಾನು ಹೇಳಿದೆ: “ಹೊರಡುವ ಮುಂಚೆ ನಂಬದಿದ್ದರೆ ಮನೆಯವರನ್ನು ಕೂರಿಸಿಕೊಂಡು ಹೊರಡುತ್ತಿರಲಿಲ್ಲಪ್ಪ. ಸಂದು ಅಳೆದಿದ್ದೆ, ಹುಡುಗ ಓದಿದ್ದ, ಮೇಸ್ತ್ರಿ ಮಾತು ಕೊಟ್ಟಿದ್ದರು, ಅಡ್ಡಿ ಹೇಳುವ ಯಾವ ಕಾರಣವೂ ಉಳಿದಿರಲಿಲ್ಲ. ಅಬ್ಬೂರಿಗೆ ಹೋದದ್ದರಿಂದ ಇಂಜಿನ್ ಸರಿಯಾಗಲಿಲ್ಲ. ಸರಿಯಾಗಿದ್ದದ್ದರಿಂದ ಹೋಗಿಬಂದೆವು.” ಅವನು ಒಪ್ಪಲಿಲ್ಲ. ಆಗಲೂ ಬಾಧಕ ಬರುವ ಸಾಧ್ಯತೆ ಇತ್ತಲ್ಲ ಎಂದ. ಸಾಧ್ಯತೆ ಎನ್ನುವುದು ಎಲ್ಲ ಕಾಲಕ್ಕೂ ಇರುತ್ತದೆ, ಅದನ್ನೇ ಕಾರಣ ಎಂದರೆ ಯಾವ ತೀರ್ಮಾನಕ್ಕೂ ಬರಲಾಗದು, ಆ ಸಾಧ್ಯತೆ ಇದೆ ಎಂಬ ತೀರ್ಮಾನಕ್ಕೂ ಸಹ, ಎಂದೆ. ಈ ಒಂದು ಮಾತಿನಲ್ಲಿ ನಾನು ಹಿಂದೆ ಸರಿಯುವವನಲ್ಲ. ಕಾರಣವಿಲ್ಲದ ಸಂಶಯಕ್ಕೆ ವಿವೇಕದ ಹೆಸರು ಕೊಡುವುದು ತಪ್ಪು. ಹೊಣೆ ಹೊರಲಾರದವರು ಅದರ ಹಿಂದೆ ನಿಲ್ಲುವುದನ್ನು ಮನೆಗಳಲ್ಲೂ ಮಠಗಳಲ್ಲೂ ಕಂಡಿದ್ದೇನೆ.

500 ಕಿಲೋಮೀಟರಿಗೆ ಮೊದಲ ಎಣ್ಣೆ ಇಳಿಸುವುದಿದೆ. ಇಳಿಸಿದ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿಯುತ್ತೇವೆ. ಹೊಸ ಇಂಜಿನ್ನಿನಲ್ಲಿ ನುಣ್ಣನೆಯ ಬೂದುಪುಡಿ ಇರುವುದು ಸಹಜ, ಅಯಸ್ಕಾಂತಕ್ಕೆ ಒಂದಿಷ್ಟು ಹತ್ತುವುದೂ ಸಹಜ. ಬೇರಿಂಗಿನ ಲೋಹದ ಹೊಳೆಯುವ ಚೂರು ಕಂಡರೆ ಅದು ಕಾರಣ. ಅದೇ ದಿನ ಸಂಪು ಬಿಚ್ಚಲು ಮೇಸ್ತ್ರಿಗೆ ಹೇಳಿಟ್ಟಿದ್ದೇನೆ.